‘ದ್ಯಾನ್’ ತಪ್ಪಿದರೂ ಪರವಾಗಿಲ್ಲ, ಲೆಕ್ಕ ತಪ್ಪಬಾರದು

ಬೆಂಗಳೂರಿನ ನಾಗಸಂದ್ರ, ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಮಷೀನಿನ ಮುಂದೆ ಮಾತು ಕನ್ನಡ, ತಮಿಳು, ಹಿಂದಿ. ಕೊಟೇಶನ್, ರಿಜೆಕ್ಷನ್ ರಿಪೋರ್ಟು, ಕಸ್ಟಮರ್‌ಗೆ ಹೋಗುವ ಮೇಲ್ ಮಾತ್ರ ಇಂಗ್ಲಿಷ್. ಅವುಗಳಲ್ಲಿ ಬರೀ ಹೋಲಿಕೆಯೇ: ನಮ್ಮ ರೇಟು ಕಡಿಮೆ, ಈ ತಿಂಗಳು ರಿಜೆಕ್ಷನ್ ಕಮ್ಮಿ, ಹೊಸ ಮಷೀನು ಫಾಸ್ಟು. ಬರೆಯುವವರು ಹೆದರುವುದು ಒಂದಕ್ಕೆ, ಪೆಟ್ಟು ಬೀಳುವುದು ಇನ್ನೊಂದು ಕಡೆ.

ತಪ್ಪು ಕಲ್ಪನೆ: ‘ಕಂಪೇರ್ಡ್ ಟು’ ಎಂದು ಬರೆದರೆ ಮಾನ ಹೋಗುತ್ತದೆ, ‘ಕಂಪೇರ್ಡ್ ವಿತ್’ ಅಂತಲೇ ಇರಬೇಕು.

ಹೋಗುವುದಿಲ್ಲ. ಸಾಮ್ಯ ಹೇಳಲು ‘ಟು’, ವ್ಯತ್ಯಾಸ ತೂಗಲು ‘ವಿತ್’ ಎಂಬ ಹಳೆಯ ನಿಯಮವೇನೋ ಇದೆ. ಆದರೆ ‘ಕಂಪೇರ್ಡ್ ಟು ಲಾಸ್ಟ್ ಮಂತ್’ ಎಂದರೆ ಇವತ್ತು ಯಾರೂ ಹುಬ್ಬೇರಿಸುವುದಿಲ್ಲ.

ತಪ್ಪು ಕಲ್ಪನೆ: ‘ಮೋರ್’ ಸೇರಿಸಿದರೆ ಮಾತಿಗೆ ತೂಕ ಬರುತ್ತದೆ.

ಕನ್ನಡದಲ್ಲಿ ‘ಗಿಂತ’ ಒಂದೇ ಎಲ್ಲ ಕೆಲಸ ಮುಗಿಸುತ್ತದೆ. ‘ಒಳ್ಳೆಯದು’ ಒಳ್ಳೆಯದಾಗಿಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ‘ದ್ಯಾನ್’ ಬಂದರೆ ಸಾಲದು, ‘ಗುಡ್’ ಹೋಗಿ ‘ಬೆಟರ್’ ಆಗಬೇಕು. ಇದನ್ನು ಮರೆತವರು ‘ಗುಡ್ ದ್ಯಾನ್’ ಎನ್ನುತ್ತಾರೆ, ಅತಿಯಾಗಿ ನೆನಪಿಟ್ಟವರು ‘ಮೋರ್ ಬೆಟರ್’ ಎನ್ನುತ್ತಾರೆ. ಷೇಕ್ಸ್‌ಪಿಯರನ ಕಾಲದಲ್ಲಿ ಇಂಥ ಡಬಲ್ ಹೋಲಿಕೆ ನಡೆಯುತ್ತಿತ್ತು. ಕೊಟೇಶನ್‌ಗೆ ಆ ರಿಯಾಯಿತಿ ಇಲ್ಲ. ಒತ್ತು ಬೇಕಿದ್ದರೆ ‘ಮಚ್ ಬೆಟರ್’ ಇದೆಯಲ್ಲ.

ತಪ್ಪು ಕಲ್ಪನೆ: ‘ಅವರ್ ರೇಟ್ಸ್ ಆರ್ ಲೋಯರ್ ದ್ಯಾನ್ ಅದರ್ ವೆಂಡರ್ಸ್’ ಸರಿಯಾಗಿದೆ.

ಇಲ್ಲಿ ರೇಟನ್ನು ಮನುಷ್ಯರ ಜೊತೆ ತೂಗಿದಂತಾಯಿತು. ‘ಬೇರೆಯವರಿಗಿಂತ ನಮ್ಮ ರೇಟು ಕಡಿಮೆ’ ಎಂದು ನಾವು ಆರಾಮಾಗಿ ಅನ್ನುತ್ತೇವೆ, ಆ ವಾಕ್ಯವೇ ಇಂಗ್ಲಿಷಿಗೂ ಇಳಿದುಬಿಡುತ್ತದೆ. ‘ದ್ಯಾನ್ ದೋಸ್ ಆಫ್ ಅದರ್ ವೆಂಡರ್ಸ್’ ಎಂದರೆ ರೇಟಿನ ಎದುರು ರೇಟು ನಿಲ್ಲುತ್ತದೆ.

ತಪ್ಪು ಕಲ್ಪನೆ: ಅಂಕಿ ಹಾಕಿದ ಮೇಲೆ ಗೊಂದಲಕ್ಕೆ ಜಾಗವಿಲ್ಲ.

ನಿಜವಾದ ಪೆಟ್ಟು ಬೀಳುವುದು ಇಲ್ಲೇ. ರಿಜೆಕ್ಷನ್ ಶೇ 4ರಿಂದ ಶೇ 2ಕ್ಕೆ ಇಳಿಯಿತು ಅನ್ನಿ. ಮೇಲ್‌ನಲ್ಲಿ ‘ರಿಡ್ಯೂಸ್ಡ್ ಬೈ ಟೂ ಪರ್ಸೆಂಟ್’ ಎಂದು ಬರೆದರೆ, ಲೆಕ್ಕದ ಮನುಷ್ಯ ನಾಲ್ಕರಲ್ಲಿ ಶೇ 2 ಕಳೆದು 3.92 ಎಂದು ಓದುತ್ತಾನೆ. ಸಾವಿರ ಪೀಸಿಗೆ 40 ಹೋಗುತ್ತಿದ್ದದ್ದು 20 ಆಗಿದೆ, ಅವನ ಕಣ್ಣಿಗೆ ಮಾತ್ರ 39 ಚಿಲ್ಲರೆ. ತಿಂಗಳುಗಟ್ಟಲೆ ಫಿಕ್ಸ್ಚರ್ ತಿದ್ದಿದ ಶ್ರಮವೆಲ್ಲ ಒಂದು ‘ಬೈ’ಯಲ್ಲಿ ಕರಗಿತು. ‘ಟೂ ಪರ್ಸೆಂಟೇಜ್ ಪಾಯಿಂಟ್ಸ್’ ಅನ್ನಬಹುದು, ಇಲ್ಲವೇ ಅರ್ಧಕ್ಕಿಳಿಯಿತು ಎಂದು ‘ಬೈ ಹಾಫ್’ ಅನ್ನಬಹುದು. ‘ಫ್ರಮ್ 4 ಟು 2 ಪರ್ಸೆಂಟ್’ ಎಂದು ಎರಡೂ ತುದಿ ಕೊಟ್ಟುಬಿಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ವಾಸಿ.

‘ಟೈಮ್ಸ್’ ಇನ್ನೂ ಕಿಲಾಡಿ. ನೂರು ಪೀಸಿನ ಶಿಫ್ಟಿನಲ್ಲಿ ಈಗ ‘ಥ್ರೀ ಟೈಮ್ಸ್ ಮೋರ್’ ಬರುತ್ತಿದೆ ಎಂದರೆ 300ರೋ, ನೂರರ ಮೇಲೆ ಇನ್ನೂ 300 ಸೇರಿ 400ರೋ? ಎರಡೂ ರೀತಿಯಲ್ಲಿ ಓದುವವರು ಇದ್ದಾರೆ. ‘ಥ್ರೀ ಟೈಮ್ಸ್ ಆಸ್ ಮೆನಿ’ ಎಂದರೆ 300, ತಕರಾರಿಲ್ಲ. ಆರು ನಿಮಿಷದ ಸೈಕಲ್ ಟೈಮ್ ಎರಡಕ್ಕೆ ಇಳಿದಾಗ ‘ಥ್ರೀ ಟೈಮ್ಸ್ ಲೆಸ್’ ಎಂದು ಬರೆಯುವವರಿಗೆ ಒಂದೇ ಪ್ರಶ್ನೆ: ಆರರಿಂದ ಆರನ್ನು ಮೂರು ಸಲ ಕಳೆಯುವುದು ಹೇಗೆ ಸ್ವಾಮಿ? ‘ಒನ್ ಥರ್ಡ್’ ಸಾಕು.

ತಪ್ಪು ಕಲ್ಪನೆ: ‘ದಿ ಲಾರ್ಜೆಸ್ಟ್’, ‘ದಿ ಲಾಸ್ಟ್’ ಎಂದು ಒಮ್ಮೆ ಬರೆದರೆ ಮುಗಿಯಿತು.

ಪೀಣ್ಯವನ್ನು ಏಷ್ಯಾಕ್ಕೇ ದೊಡ್ಡ ಕೈಗಾರಿಕಾ ಪ್ರದೇಶ ಎಂದು ಹೊಗಳುವುದು ಹಳೆಯ ರೂಢಿ. ಆಧಾರ ಕೈಯಲ್ಲಿಲ್ಲದಿದ್ದರೆ ‘ಒನ್ ಆಫ್ ದಿ ಲಾರ್ಜೆಸ್ಟ್’ ಕ್ಷೇಮ. ಆದರೆ ಅದರ ಬೆನ್ನಿಗೆ ‘ಏರಿಯಾ’ ಅಲ್ಲ, ‘ಏರಿಯಾಸ್’ ಬರಬೇಕು. ‘ಲಾರ್ಜರ್ ದ್ಯಾನ್ ಎನಿ ಇಂಡಸ್ಟ್ರಿಯಲ್ ಏರಿಯಾ ಇನ್ ಬೆಂಗಳೂರು’ ಎಂದರೆ ಬೆಂಗಳೂರಿನಲ್ಲೇ ಇರುವ ಪೀಣ್ಯ ತನಗಿಂತ ತಾನೇ ದೊಡ್ಡದಾಯಿತು! ‘ಎನಿ ಅದರ್’ ಅನ್ನಬೇಕು.

ಇಂಥ ಮಾತಿಗೆ ತಾರೀಖೂ ಇರುತ್ತದೆ. 2015ರ ಮೇ 1ರಿಂದ ಮೆಟ್ರೊ ಹಸಿರು ಮಾರ್ಗದ ಉತ್ತರ ತುದಿ ನಾಗಸಂದ್ರವೇ ಆಗಿತ್ತು. 2024ರ ನವೆಂಬರ್ 7ರಂದು ರೈಲು ಮಾದಾವರದವರೆಗೆ ಹೋಯಿತು. ವಿಳಾಸದ ಕೆಳಗೆ ‘ನಿಯರ್ ಲಾಸ್ಟ್ ಮೆಟ್ರೊ ಸ್ಟೇಷನ್’ ಎಂದು ಅಚ್ಚು ಹಾಕಿಸಿದ ಲೆಟರ್‌ಹೆಡ್ ಇನ್ನೂ ಉಳಿದಿದ್ದರೆ, ಬರುವ ಅತಿಥಿ ಮಾದಾವರದಲ್ಲಿ ಇಳಿಯುತ್ತಾನೆ.

ತಪ್ಪು ಕಲ್ಪನೆ: ಹೋಲಿಕೆ ಎಂದರೆ ‘ದ್ಯಾನ್’ ಬೇಕೇ ಬೇಕು.

‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’, ‘ಪ್ರಿಫರ್’ ಇವಕ್ಕೆ ‘ಟು’. ‘ಡಿಫರೆಂಟ್ ದ್ಯಾನ್’ ಅಮೆರಿಕದಲ್ಲಿ ಸಲ್ಲುತ್ತದೆ, ‘ಡಿಫರೆಂಟ್ ಟು’ ಬ್ರಿಟನ್ನಿನಲ್ಲಿ. ಆರ್ಡರ್ ಎಲ್ಲಿಂದ ಬಂದರೂ ‘ಡಿಫರೆಂಟ್ ಫ್ರಮ್’ ನಡೆಯುತ್ತದೆ.