ಚಂದ್ರಲೋಕದ ದಾರಿಯಿಂದ ಮನೆಗೊಂದು ಫೋನು

ಕಳೆದ ಓಣಂ ರಜೆಯಲ್ಲಿ ನಮ್ಮ ಮನೆಯಲ್ಲಿ ಮಕ್ಕಳದೇ ರಾಜ್ಯಭಾರ. ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಮಳೆ ಹಿಡಿದರೆ ಹೊರಗೆ ಹೋಗುವುದಾದರೂ ಎಲ್ಲಿಗೆ? ಹಿರಿಯ ಮಗಳು ಗಗನಯಾತ್ರೆಯ ಚಲಚ್ಚಿತ್ರಗಳನ್ನು ಒಂದಾದ ಮೇಲೊಂದರಂತೆ ಟಿ.ವಿ.ಯಲ್ಲಿ ಹಾಕಿದಳು. ಅಡಿಗೆಯ ಕೆಲಸ ತೀರಿಸಿ, ಐದು ನಿಮಿಷ ನೋಡಿ ಹೋಗೋಣವೆಂದು ಕುಳಿತ ನಾನು ಏಳಲೇ ಇಲ್ಲ. ಆ ರುಚಿಯನ್ನು ನಮ್ಮ ವಾಚಕರಿಗೂ ಸ್ವಲ್ಪ ಹಂಚೋಣವೆಂದು ಈ ನಾಲ್ಕು ಮಾತು.

ಈ ಬಗೆಯ ಚಿತ್ರಗಳಿಗೆಲ್ಲ ಹಿರಿಯಜ್ಜನೆಂದರೆ 1902ರಲ್ಲಿ ಫ್ರಾನ್ಸಿನ ಮೇಲಿಯೆಸ್ ಎಂಬಾತ ತೆಗೆದ ಚಂದ್ರಯಾತ್ರೆಯ ಮೂಕಚಿತ್ರ. ಕಾಲು ಗಂಟೆಯ ಆಟ. ಪಂಡಿತರು ದೊಡ್ಡ ಫಿರಂಗಿಯ ಗುಂಡಿನೊಳಗೆ ಕುಳಿತು ಹೊರಡುವರು. ಗುಂಡು ಹೋಗಿ ಚಂದ್ರಮನ ಕಣ್ಣಿಗೇ ನಾಟಿಕೊಳ್ಳುವುದು! ಮರಳಿ ಬರುವಾಗ ಅದು ಸಮುದ್ರಕ್ಕೆ ಬೀಳುತ್ತದೆ, ಹಡಗೊಂದು ಅದನ್ನು ಬಂದರಿಗೆ ಎಳೆದು ತರುತ್ತದೆ. ಹಡಗಿನ ಸೀಟಿ ಕೇಳಿಯೇ ಬೆಳೆದ ನಮ್ಮ ಮಕ್ಕಳಿಗೆ ಈ ಭಾಗ ಬಹಳ ಹಿಡಿಸಿತು.

ನಮ್ಮವರೂ ಸುಮ್ಮನಿರಲಿಲ್ಲ. 1963ರ ತಮಿಳಿನ 'ಕಲೈ ಅರಸಿ'ಯಲ್ಲಿ ಅನ್ಯಗ್ರಹದವರು ಬಂದು ಹಾಡುವ ಹುಡುಗಿಯನ್ನು ಹೊತ್ತೊಯ್ಯುತ್ತಾರೆ. ಏಕೆಂದರೆ ಅವರ ಲೋಕದಲ್ಲಿ ವಿಜ್ಞಾನವುಂಟು, ಸಂಗೀತವಿಲ್ಲ. 1967ರ ಹಿಂದೀ ಚಿತ್ರವೊಂದರಲ್ಲಿ ದಾರಾಸಿಂಗರು ಚಂದ್ರನಿಗೆ ಹೋಗಿ ಅಲ್ಲಿಯೂ ಕುಸ್ತಿ ಬಿಡಲಿಲ್ಲ. ನಗುವವರು ನಗಲಿ. ಆದರೆ ಆ 1963ರಲ್ಲಿಯೇ, ನವೆಂಬರ್ 21ರ ಸಂಜೆ, ತಿರುವನಂತಪುರದ ಪಕ್ಕದ ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ ಭಾರತದ ನೆಲದ ಮೊದಲ ರಾಕೆಟ್ಟು ಮೇಲೆದ್ದಿತು. ಭೂಮಿಯ ಕಾಂತೀಯ ವಿಷುವದ್ರೇಖೆ ಆ ಹಳ್ಳಿಯ ಹತ್ತಿರವೇ ಹಾದುಹೋಗುವುದರಿಂದ ಆ ಜಾಗವನ್ನು ಆರಿಸಿದ್ದರು. ಮೇರಿ ಮಗ್ದಲೇನಳ ಇಗರ್ಜಿಯೇ ವಿಜ್ಞಾನಿಗಳ ಕಚೇರಿ. ರಾಕೆಟ್ಟಿನ ಭಾಗಗಳು ಬಂದುದು ಸೈಕಲ್ಲಿನ ಮೇಲೆ. ಯಾವ ಚಿತ್ರನಿರ್ಮಾಪಕನಿಗೆ ಇಂಥ ಕಥೆ ಹೊಳೆದೀತು? ಆ ಇಗರ್ಜಿ ಈಗ ವಸ್ತುಸಂಗ್ರಹಾಲಯವಾಗಿದೆ. ತಿರುವನಂತಪುರಕ್ಕೆ ಹೋದವರು ತಪ್ಪದೆ ನೋಡಬೇಕು.

ಇನ್ನು, ನನ್ನನ್ನು ಕಟ್ಟಿಹಾಕಿದ ಚಿತ್ರದ ವಿಷಯ. ಕ್ಯೂಬ್ರಿಕ್ ಎಂಬವರು ತೆಗೆದ '2001: ಎ ಸ್ಪೇಸ್ ಒಡಿಸ್ಸಿ'. ಬಿಡುಗಡೆಯಾದುದು 1968ರಲ್ಲಿ, ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಒಂದು ವರ್ಷ ಮೊದಲು. ಅದರಲ್ಲಿ ಬಾಹ್ಯಾಕಾಶಕ್ಕೆ ಹೋಗುವುದೆಂದರೆ ವಿಮಾನ ಹತ್ತಿದಷ್ಟೇ ಸಲೀಸು. ಪ್ಯಾನ್ ಆಮ್ ಕಂಪೆನಿಯ ನೌಕೆ. ಪ್ರಯಾಣಿಕ ನಿದ್ದೆಹೋಗಿದ್ದಾನೆ, ಅವನ ಲೇಖನಿ ಗಾಳಿಯಲ್ಲಿ ತೇಲುತ್ತಿದೆ. ನಿಜಕ್ಕೂ ಆ ಕಂಪೆನಿಯು ಚಂದ್ರಯಾನಕ್ಕೆ ಹೆಸರು ಬರೆದುಕೊಂಡಿತ್ತು. 1971ರ ವರೆಗೆ ಬಂದ ಹೆಸರುಗಳು 93,000ಕ್ಕೂ ಹೆಚ್ಚು! ಪಾಪ, ಕಂಪೆನಿಯೇ 1991ರಲ್ಲಿ ಮುಚ್ಚಿಹೋಯಿತು.

ಆ ನೌಕೆ ಸೇರುವುದು ಗಾಲಿಯಂತೆ ತಿರುಗುವ ಒಂದು ನಿಲ್ದಾಣವನ್ನು. ನೀರು ತುಂಬಿದ ಚೊಂಬನ್ನು ಹಗ್ಗಕ್ಕೆ ಕಟ್ಟಿ ಗಿರ್ರನೆ ತಿರುಗಿಸಿದರೆ ನೀರು ಚೆಲ್ಲುವುದಿಲ್ಲವಷ್ಟೆ? ಅದೇ ಉಪಾಯದಿಂದ ಒಳಗಿರುವವರ ಕಾಲು ನೆಲಕ್ಕೆ ಅಂಟಿ ನಿಲ್ಲುತ್ತದೆ. "ಅಮ್ಮಾ, ಇದು ನಮ್ಮ ಐಲ್ಯಾಂಡಿನ ಹಾಗೆಯೇ" ಎಂದ ಚಿಕ್ಕವನು. ಹುಡುಗನ ಮಾತು ಸುಳ್ಳಲ್ಲ. ಬ್ರಿಸ್ಟೋ ಸಾಹೇಬರ ಕಾಲದಲ್ಲಿ ಬಂದರು ಆಳಮಾಡಲು ಬಾಚಿ ತೆಗೆದ ಹೂಳಿನಿಂದಲೇ ಈ ದ್ವೀಪ ಎದ್ದುದು. ಇಲ್ಲದ ನೆಲವನ್ನು ಮಾಡಿಕೊಂಡು ಅದರ ಮೇಲೆ ಮನೆ ಹೂಡಿದವರು ನಾವು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ವಿಮಾನಗಳೂ ಇಲ್ಲಿಯೇ ಇಳಿಯುತ್ತಿದ್ದವು. 1999ರಲ್ಲಿ ಅವು ನೆಡುಂಬಾಶ್ಶೇರಿಗೆ ಹೋದವು.

ಆ ನಿಲ್ದಾಣದಲ್ಲಿ ಪ್ರಯಾಣಿಕನು ಮನೆಗೆ ಫೋನು ಮಾಡುತ್ತಾನೆ. ಪರದೆಯ ಮೇಲೆ ಪುಟ್ಟ ಮಗಳ ಮುಖ. ನಾಳೆ ಅವಳ ಹುಟ್ಟುಹಬ್ಬ, ಅಪ್ಪ ಬರಲಾರ. ಉಡುಗೊರೆ ಏನು ಬೇಕೆಂದರೆ ಮೊದಲು ಟೆಲಿಫೋನು ಎನ್ನುತ್ತಾಳೆ. ಅದು ಮನೆಯಲ್ಲಿ ಬೇಕಾದಷ್ಟಿದೆ ಎಂದ ಮೇಲೆ ಕಾಡುಪಾಪದ ಜಾತಿಯ ಪುಟ್ಟ ಪ್ರಾಣಿಯೊಂದನ್ನು ಕೇಳುತ್ತಾಳೆ. ಮಾತು ಮುಗಿದೊಡನೆ ಪರದೆಯ ಮೇಲೆ ಲೆಕ್ಕ ಮೂಡುತ್ತದೆ: ಒಂದು ಡಾಲರು ಎಪ್ಪತ್ತು ಸೆಂಟು.

ಎಸ್.ಟಿ.ಡಿ. ಬೂತಿನ ಕೆಂಪು ಅಂಕಿಗಳು ನೆನಪಾಗಿ ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ರಾತ್ರಿ ಹತ್ತಾದ ಮೇಲೆ ದರ ಕಡಿಮೆಯೆಂದು ಕಾದು, ಸಾಲಿನಲ್ಲಿ ನಿಂತು, ಉಡುಪಿಯಲ್ಲಿದ್ದ ಅಮ್ಮನೊಡನೆ ಮಾತಾಡುವಾಗ ಕಣ್ಣು ಮಾತ್ರ ಆ ಅಂಕಿಗಳ ಮೇಲೆ. ಹೇಳಬೇಕೆಂದುದು ಫೋನಿಟ್ಟ ಮೇಲೆಯೇ ನೆನಪಾಗುತ್ತಿತ್ತು.

ನಿಜವಾದ ಪ್ರವಾಸಿಗಳ ಸಂಗತಿ ಬೇರೆ. 2001ನೆಯ ಇಸವಿಯಲ್ಲಿಯೇ ಅಮೆರಿಕದ ಡೆನಿಸ್ ಟಿಟೋ ಸ್ವಂತ ಹಣದಿಂದ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದರು. 2024ರ ಮೇ 19ರಂದು ವಿಜಯವಾಡ ಮೂಲದ ಗೋಪಿಚಂದ್ ತೋಟಕೂರ ಹೋಗಿಬಂದರು. ಹತ್ತು ನಿಮಿಷದ ಪ್ರವಾಸ, ಫೋನಿಗೆ ಪುರುಸೊತ್ತೆಲ್ಲಿ? ದೂರ ಹೋಗುವವರ ಕಷ್ಟ ಮುಂದಿದೆ. ಚಂದ್ರನಿಂದ ಮಾತು ಬರಲು ಒಂದೂಕಾಲು ಸೆಕೆಂಡು ಸಾಕು. ಮಂಗಳದಿಂದಲಾದರೆ ಮೂರರಿಂದ ಇಪ್ಪತ್ತೆರಡು ನಿಮಿಷ. "ಊಟವಾಯಿತೇ" ಎಂದು ಕೇಳಿ ಉತ್ತರ ಬರುವಷ್ಟರಲ್ಲಿ ಪಾತ್ರೆ ತೊಳೆದಿಡಬಹುದು. 2014ರ 'ಇಂಟರ್‌ಸ್ಟೆಲ್ಲಾರ್' ಚಿತ್ರದ ತಂದೆ ಇಪ್ಪತ್ತಮೂರು ವರ್ಷಗಳ ಓಲೆಗಳನ್ನು ಒಂದೇ ಸಲಕ್ಕೆ ನೋಡುತ್ತಾನೆ. ಚಿಕ್ಕವರಿದ್ದ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿರುತ್ತಾರೆ. ನಮ್ಮವರು ಅಲ್ಲಿಂದ ಎದ್ದು ಬಾಲ್ಕನಿಗೆ ಹೋದರು. ಹಡಗು ನೋಡಲಿಕ್ಕೆಂದು ಹೇಳಿದರು.

ಚಿತ್ರ ಮುಗಿದ ಮೇಲೆ ಮಗಳು ತನ್ನ ಮನಸ್ಸಿನಲ್ಲಿದ್ದುದನ್ನು ಹೊರಹಾಕಿದಳು. ತಿರುವನಂತಪುರದ ವಲಿಯಮಲದಲ್ಲಿ 2007ರಲ್ಲಿ ಆರಂಭವಾದ ಬಾಹ್ಯಾಕಾಶ ವಿಜ್ಞಾನ ಸಂಸ್ಥೆಯಿದೆಯಲ್ಲ, ಅಲ್ಲಿಯೇ ಓದಬೇಕಂತೆ. ಇಷ್ಟು ಚಿತ್ರಗಳನ್ನು ತೋರಿಸಿದ್ದು ಏಕೆಂದು ಆಗ ತಿಳಿಯಿತು! ಮುಂದೆ? ಮುಂದೆ ಎಲ್ಲಿಯವರೆಗೆ ಹೋಗಲಾದೀತೋ ಅಲ್ಲಿಯವರೆಗೆ, ಎಂದಳು. ಉಡುಪಿಯ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರು 1975ರಲ್ಲಿ ಆರ್ಯಭಟವನ್ನು ಕಟ್ಟಿಸಿದವರಲ್ಲವೆ, ಎಂದು ನನ್ನ ತವರೂರಿನ ಸಾಕ್ಷಿಯನ್ನೇ ನನ್ನ ಮುಂದಿಟ್ಟಳು. ನಾನೇನು ಹೇಳಲಿ? ನಾನೂ ಒಂದು ದಿನ ಪೆಟ್ಟಿಗೆ ಹಿಡಿದು ರೈಲು ಹತ್ತಿದವಳೇ.

ಅಂದು ರಾತ್ರಿ ಅಜ್ಜಿಗೆ ಫೋನು ಹೋಯಿತು, ಮುಖ ಕಾಣುವ ಫೋನೇ. ಮೊಮ್ಮಗಳು ರಾಕೆಟ್ಟು, ಮಂಗಳಗ್ರಹ ಎಲ್ಲವನ್ನೂ ವಿವರಿಸಿದಳು. ಅಜ್ಜಿ ಪೂರ್ತಿ ಕೇಳಿ, ಕನ್ನಡಕ ಸರಿಮಾಡಿಕೊಂಡು, "ಅದಿರಲಿ, ಅಲ್ಲಿಂದ ಅಮ್ಮನಿಗೆ ಫೋನು ಸಿಗುತ್ತದೆಯೇ?" ಎಂದು ಕೇಳಿದರು.