ಚೀಟಿ ಬರೆದ ವೈದ್ಯರು ಜೈಲಿಗೆ, ರೋಗಿ ಎಲ್ಲಿಗೆ?

ಔಷಧಿ ಚೀಟಿ ಬರೆದದ್ದಕ್ಕೆ ವೈದ್ಯರ ಮೇಲೆ ಮೊಕದ್ದಮೆ ಹೂಡಿದರೆಂದರೆ ನಿಮಗೆ ಆಶ್ಚರ್ಯವಾದೀತು. ಅಮೆರಿಕದಲ್ಲಿ 2019ರ ಏಪ್ರಿಲ್‌ನಲ್ಲಿ ಹಾಗೆಯೇ ಆಯಿತು. ಕೆಂಟಕಿ, ಟೆನೆಸಿ, ಒಹಾಯೊ ಮೊದಲಾದ ರಾಜ್ಯಗಳಲ್ಲಿ 60 ಮಂದಿ ಸಿಕ್ಕಿಬಿದ್ದರು. ಅವರಲ್ಲಿ 31 ಮಂದಿ ವೈದ್ಯರು. ಮೂರೂವರೆ ಲಕ್ಷ ಚೀಟಿಗಳು, 3.2 ಕೋಟಿ ಮಾತ್ರೆಗಳ ಲೆಕ್ಕ ಅದು! ಸರಿಯಾಗಿ ಪರೀಕ್ಷಿಸದೆ, ಹಣಕ್ಕಾಗಿ ಬರೆದುಕೊಟ್ಟರೆಂಬುದು ಹಲವರ ಮೇಲಿದ್ದ ಆರೋಪ.

ಯಾವ ಮಾತ್ರೆಗಳು ಎನ್ನುವಿರಾ? ಆಕ್ಸಿಕೋಡೋನ್, ಹೈಡ್ರೋಕೋಡೋನ್‌ನಂಥವು. ಇವು ಅಫೀಮಿನ ಬಳಗಕ್ಕೆ ಸೇರಿದ ನೋವು ನಿವಾರಕಗಳು. ಮಿದುಳಿನಲ್ಲಿ ನೋವಿನ ಅರಿವನ್ನು ತಗ್ಗಿಸುತ್ತವೆ, ಜೊತೆಗೆ ಒಂದು ಬಗೆಯ ಹಿತವನ್ನೂ ಕೊಡುತ್ತವೆ. ದಿನ ಕಳೆದಂತೆ ಒಂದು ಮಾತ್ರೆಗೆ ತಗ್ಗುತ್ತಿದ್ದ ನೋವು ಎರಡನ್ನು ಬೇಡುತ್ತದೆ. ಪ್ರಮಾಣ ಮೀರಿದರೆ ಉಸಿರಾಟವೇ ನಿಂತುಹೋಗಬಹುದು. 1996ರಲ್ಲಿ ಆಕ್ಸಿಕಾಂಟಿನ್ ಮಾರುಕಟ್ಟೆಗೆ ಬಂದಾಗ ಅದಕ್ಕೆ ಚಟ ಹಿಡಿಸುವ ಗುಣ ಕಡಿಮೆಯೆಂದು ನಂಬಿಸಲಾಯಿತು. ಹಾಗೆ ದಾರಿ ತಪ್ಪಿಸಿದ್ದು ನಿಜವೆಂದು 2007ರಲ್ಲಿ ಆ ಕಂಪೆನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ನಂಬಿದವರಲ್ಲಿ ನಮ್ಮ ವೃತ್ತಿಯವರೂ ಇದ್ದರೆಂಬುದು ನನಗೆ ನಾಚಿಕೆಯ ಸಂಗತಿ.

ಹಣಕ್ಕೆ ಚೀಟಿ ಮಾರುವ ವೈದ್ಯನಿಗೆ ಶಿಕ್ಷೆಯಾಗಲೇಬೇಕು, ಸಂಶಯವಿಲ್ಲ. ಆದರೆ ದವಾಖಾನೆಗೆ ಬೀಗ ಬಿದ್ದ ಮರುದಿನ ಅಲ್ಲಿನ ರೋಗಿಗಳ ಗತಿ? ಕಲ್ಲಿದ್ದಲು ಗಣಿಯಲ್ಲಿ ದುಡಿದು ಸೊಂಟ ಕಳೆದುಕೊಂಡವನೂ ಆ ಸಾಲಿನಲ್ಲಿರುತ್ತಾನೆ. ಮಾತ್ರೆ ಹಠಾತ್ತನೆ ನಿಂತರೆ ಮೈಕೈ ನೋವು, ಬೆವರು, ಭೇದಿ, ನಿದ್ದೆಯಿಲ್ಲದ ಚಡಪಡಿಕೆ. ತಡೆಯಲಾರದವರು ಕಳ್ಳಸಂತೆಯ ಹೆರಾಯಿನ್, ಫೆಂಟನಿಲ್‌ಗೆ ಕೈಚಾಚುತ್ತಾರೆ. ಇಂಥ ಔಷಧಿಯನ್ನು ಒಮ್ಮೆಲೇ ನಿಲ್ಲಿಸಬಾರದೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದ್ದೂ ಅದೇ 2019ರ ಏಪ್ರಿಲ್‌ನಲ್ಲಿ. ತಪ್ಪೆಂದು ತಿಳಿದೇ ವೈದ್ಯ ಬರೆದನೆಂಬುದನ್ನು ಸರ್ಕಾರ ಸಾಬೀತುಪಡಿಸಬೇಕೆಂದು 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಪ್ರಾಮಾಣಿಕ ವೈದ್ಯರೂ ಹೆದರಿ ಪೆನ್ನು ಮುಚ್ಚಿದರೆ ನರಳುವವನು ರೋಗಿಯೇ.

ಬಿಗಿ ಅತಿಯಾದರೆ ಏನಾಗುತ್ತದೆಂದು ನಾವೂ ಕಂಡಿದ್ದೇವೆ. 1985ರ ಮಾದಕ ವಸ್ತು ಕಾಯ್ದೆಯ ನಂತರ ಪರವಾನಗಿಗಳ ತೊಡಕಿನಿಂದ ನಮ್ಮ ಆಸ್ಪತ್ರೆಗಳಲ್ಲಿ ಮಾರ್ಫಿನ್ ಅಪರೂಪವಾಯಿತು. ಕ್ಯಾನ್ಸರ್ ರೋಗಿಗಳು ನೋವಿನಲ್ಲೇ ಕಣ್ಣುಮುಚ್ಚಿದರು. 2014ರ ತಿದ್ದುಪಡಿ ಆ ತೊಡಕನ್ನು ಸಡಿಲಿಸಿತು. ಅದೇ ಬಳಗದ ಟ್ರಮಡಾಲ್ ಮಾತ್ರೆ 2018ರಲ್ಲಿ ಈ ಕಾಯ್ದೆಯೊಳಗೆ ಬಂತು.

ಮೊಣಕಾಲು ನೋವಿಗೆಂದು ಟ್ರಮಡಾಲ್ ಹಿಡಿದಿದ್ದ ನಿವೃತ್ತ ಮೇಷ್ಟ್ರೊಬ್ಬರು ಒಮ್ಮೆ ನನ್ನಲ್ಲಿಗೆ ಬಂದಿದ್ದರು. "ದಿನಕ್ಕೆ ಒಂದೇ, ಡಾಕ್ಟ್ರೇ" ಎಂದರು. ಜೊತೆಗಿದ್ದ ಹೆಂಡತಿ ಕೈಚೀಲದಿಂದ ಖಾಲಿ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಆರು! ಬಯ್ಯಲಿಲ್ಲ. ವಾರಗಳ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿದೆವು. ಕಾಲಿಗೆ ವ್ಯಾಯಾಮ ಹೇಳಿಕೊಟ್ಟೆವು. ನಿಮ್ಮ ಮನೆಯಲ್ಲಿ ಇಂಥ ಮಾತ್ರೆ ನುಂಗುವವರಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ಕೊಳ್ಳಲೂ ಬೇಡಿ. ವೈದ್ಯರ ಬಳಿ ಹೋಗುವಾಗ ಖಾಲಿ ಪಟ್ಟಿಗಳನ್ನೂ ಒಯ್ಯಿರಿ.