ತಾಳಕ್ಕೆ ಸಿಗದ ಗಾಳಿ

ಹಾಡು ಮುಗಿಯುವುದೇ ಮೂರು ಮೂರೂವರೆ ನಿಮಿಷಕ್ಕೆ. ಅಂಗಳದ ಹುಲ್ಲಿನ ಮೇಲೆ ಮುದುಡಿ ಬಿದ್ದ ಎಂಟಡಿಯ ಸಾಂತಾಕ್ಲಾಸ್ ಗಾಳಿ ತುಂಬಿಕೊಂಡು ನೆಟ್ಟಗೆ ನಿಲ್ಲಲು ಒಂದು ನಿಮಿಷವಾದರೂ ಬೇಕು. ಇಬ್ಬನಿಗೆ ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ತಡ. ನಿಮಿಷಕ್ಕೆ 120 ಪೆಟ್ಟು ಬೀಳುವ ಹಾಡಾದರೆ, ಆತ ಎದ್ದು ಕೈ ಚಾಚುವಷ್ಟರಲ್ಲಿ ಪಲ್ಲವಿ ಬಂದು ಹೋಗಿರುತ್ತದೆ. ಅಮೆರಿಕದಲ್ಲಿ ಕ್ರಿಸ್ಮಸ್‌ಗೆ ಮನೆ ಮುಂದೆ ಹಾಡಿಗೆ ತಕ್ಕಂತೆ ದೀಪ ಕುಣಿಸುವವರು ಗಾಳಿಬೊಂಬೆಯನ್ನೂ ಕುಣಿಸಲು ಹೊರಟಾಗ ಎದುರಾಗುವ ತೊಡಕು ಇದು. ದೀಪ ಹೇಳಿದ ಮಾತು ಕೇಳುತ್ತದೆ, ಗಾಳಿ ಕೇಳುವುದಿಲ್ಲ.

ದೀಪ ಕುಣಿಸುವ ಈ ಹುಚ್ಚು ಊರೂರಿಗೆ ಹಬ್ಬಿದ್ದು ಒಹಾಯೊ ರಾಜ್ಯದ ಮೇಸನ್ ಎಂಬ ಊರಿನ ಒಂದು ಮನೆಯಿಂದ. ಎಲೆಕ್ಟ್ರಿಕಲ್ ಎಂಜಿನಿಯರ್ ಕಾರ್ಸನ್ ವಿಲಿಯಮ್ಸ್ 2004ರಲ್ಲಿ ತಮ್ಮ ಮನೆಗೆ ಸುಮಾರು 16,000 ದೀಪ ಕಟ್ಟಿ, ಅವನ್ನು 88 ಚಾನೆಲ್‌ಗಳಾಗಿ ವಿಂಗಡಿಸಿ, ಕಂಪ್ಯೂಟರಿನಿಂದ ಹಾಡಿನ ಜತೆ ಬೆಸೆದರು. ಮರು ವರ್ಷ ಅದರ ವಿಡಿಯೋ ಮನೆಮನೆಗೂ ತಲುಪಿತು, ಬಿಯರ್ ಜಾಹೀರಾತಿಗೂ ಏರಿತು. ನೋಡಲು ಬಂದ ಕಾರುಗಳು ರಸ್ತೆ ತುಂಬಿ, ಪ್ರದರ್ಶನ ನಿಲ್ಲಿಸಬೇಕಾದ ಸ್ಥಿತಿಯೂ ಬಂತು. ಆಗ ಬಳಸುತ್ತಿದ್ದುದು ಸಾಧಾರಣ ಸೀರಿಯಲ್ ಸೆಟ್. ಒಂದು ಚಾನೆಲ್‌ಗೆ ಒಂದು ಸರ. ಈಗ ಒಂದೊಂದು ಬಲ್ಬಿನೊಳಗೂ ಚಿಪ್ ಇದೆ. ಎಕ್ಸ್‌ಲೈಟ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಕುಳಿತು ಸೆಕೆಂಡಿಗೆ 20 ಅಥವಾ 40 ಸಲ ಪ್ರತಿ ದೀಪದ ಬಣ್ಣ ಬದಲಿಸಬಹುದು. ನೋಡುಗರು ಕಾರಿನಿಂದ ಇಳಿಯಬೇಕಾಗಿಲ್ಲ. ಮನೆಯವರು ಪುಟ್ಟ ಎಫ್ಎಂ ಟ್ರಾನ್ಸ್‌ಮಿಟರ್‌ನಿಂದ ಹಾಡು ಬಿತ್ತರಿಸುತ್ತಾರೆ. ಪರವಾನಗಿ ಇಲ್ಲದೆ ಬಿತ್ತರಿಸುವ ಇಂಥ ಯಂತ್ರದ ಸಿಗ್ನಲ್ ಸುಮಾರು 200 ಅಡಿ ಆಚೆಗೆ ಹೋಗಬಾರದೆಂಬುದು ಅಲ್ಲಿನ ನಿಯಮ. ಹಾಡನ್ನು ರೇಡಿಯೊದಲ್ಲಿ ಕೇಳಿಸುವುದರಿಂದ ಒಂದು ಲಾಭವೂ ಇದೆ: ಕಾರಿನ ಗಾಜು ಏರಿಸಿ ರೇಡಿಯೊ ಕೇಳುವವರಿಗೆ ಬೊಂಬೆಗಳಿಗೆ ಗಾಳಿ ತುಂಬುವ ಫ್ಯಾನಿನ, ಅಂದರೆ ಬ್ಲೋವರ್‌ನ, ಸದ್ದು ಕೇಳಿಸುವುದಿಲ್ಲ. ಅಂಗಳಕ್ಕೆ ಕಾಲಿಟ್ಟವರಿಗೆ ಮಾತ್ರ ಆ ಗೊರಗೊರ ಗೊತ್ತು.

ದೀಪದ ಜತೆ ಮೋಟಾರು ಸೇರಿದ್ದು ಹೊಸತೇನಲ್ಲ. 1882ರಲ್ಲಿ ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತಮ್ಮ ಮನೆಯಲ್ಲಿ 80 ವಿದ್ಯುತ್ ಬಲ್ಬುಗಳ ಕ್ರಿಸ್ಮಸ್ ಮರ ನಿಲ್ಲಿಸಿದರಲ್ಲ, ಅದು ಮೋಟಾರಿನ ಮೇಲೆ ತಿರುಗುತ್ತಿತ್ತು. ತಿರುಗಿದಂತೆ ದೀಪಗಳು ಆರಿ ಹತ್ತುತ್ತಿದ್ದವು. ಅಲ್ಲಿ ಮೋಟಾರೇ ದೀಪವನ್ನು ಆಳುತ್ತಿತ್ತು. ಗಾಳಿಬೊಂಬೆಯಲ್ಲಿ ಎರಡನ್ನೂ ಬೇರೆ ಮಾಡದೆ ಗತಿಯಿಲ್ಲ.

ನ್ಯೂಯಾರ್ಕಿನ ಮೇಸೀಸ್ ಮಳಿಗೆಯ ಮೆರವಣಿಗೆಗೆ 1927ರಲ್ಲಿ ಬಂದ ದೈತ್ಯ ಬೊಂಬೆಗಳನ್ನು ನೆನೆದು ಗಾಳಿಬೊಂಬೆಯನ್ನೂ ಬಲೂನು ಎಂದುಕೊಳ್ಳುವವರಿದ್ದಾರೆ. ಅಲ್ಲ. ಬಲೂನಿನಲ್ಲಿ ಗಾಳಿಯೋ ಅನಿಲವೋ ತುಂಬಿ ಬಾಯಿ ಕಟ್ಟುತ್ತಾರೆ. ಟೆಕ್ಸಾಸ್‌ನ ಜೆಮ್ಮಿ ಕಂಪನಿ 2001ರಲ್ಲಿ ಮಾರುಕಟ್ಟೆಗೆ ತಂದ ಅಂಗಳದ ಬೊಂಬೆಗೆ ಕಟ್ಟುವ ಬಾಯಿಯೇ ಇಲ್ಲ. (ಗೋಡೆಗೆ ನೇತುಹಾಕಿದ ರಬ್ಬರ್ ಮೀನು ತಲೆ ತಿರುಗಿಸಿ ಹಾಡುವ ಆಟಿಕೆ ಇತ್ತಲ್ಲ, ಅದೂ ಇದೇ ಕಂಪನಿಯದು.) ತೆಳು ಬಟ್ಟೆ, ಬುಡದಲ್ಲಿ ಒಂದು ಫ್ಯಾನು, ಒಳಗೆ ನಾಲ್ಕೈದು ಎಲ್ಇಡಿ, ಅಷ್ಟೇ. ಹೊಲಿಗೆಯ ಸಂದುಗಳಿಂದ ಗಾಳಿ ಸೋರುತ್ತಲೇ ಇರುತ್ತದೆ, ಫ್ಯಾನು ತುಂಬುತ್ತಲೇ ಇರುತ್ತದೆ. ಸೋರಿಕೆ ಇಲ್ಲಿ ದೋಷವಲ್ಲ, ಅದನ್ನು ಲೆಕ್ಕಕ್ಕೆ ಹಿಡಿದೇ ಫ್ಯಾನು ಕೂರಿಸಿರುತ್ತಾರೆ. ಸ್ವಿಚ್ ಆರಿಸಿದರೆ ಮೊದಲು ತಲೆ ವಾಲುತ್ತದೆ, ಆಮೇಲೆ ತೋಳು, ಕೊನೆಗೆ ಹೊಟ್ಟೆ. ಏಳುವಾಗ ಇದರ ತಿರುವುಮುರುವು: ಬುಡ ಉಬ್ಬಿ, ಹೊಟ್ಟೆ ತುಂಬಿ, ಟೊಪ್ಪಿಗೆಯ ತುದಿ ಎಲ್ಲಕ್ಕಿಂತ ಕಡೆಗೆ. ಹಗಲಿಡೀ ಸಾಲು ಮನೆಗಳ ಮುಂದೆ ಸತ್ತಂತೆ ಬಿದ್ದಿರುವ ಸಾಂತಾಗಳನ್ನು ನೋಡಿ ಅಲ್ಲಿಯವರು ತಮಾಷೆ ಮಾಡುವುದು ಇದಕ್ಕೇ.

ಇಂಥ ಬೊಂಬೆಯ ಫ್ಯಾನನ್ನು ದೀಪದ ಕಂಟ್ರೋಲರ್‌ಗೆ ಸಿಕ್ಕಿಸಿದರೆ ಏನಾಗುತ್ತದೆ? ಹಳೆಯ ಸೀರಿಯಲ್ ಸೆಟ್‌ಗಳಿಗೆಂದು ಮಾಡಿದ ಕಂಟ್ರೋಲರ್ ಮೂಲತಃ ಡಿಮ್ಮರ್. ಅಮೆರಿಕದ ಕರೆಂಟು ಸೆಕೆಂಡಿಗೆ 60 ಆವರ್ತದ್ದು. ಡಿಮ್ಮರ್ ಪ್ರತಿ ಅರ್ಧ ಆವರ್ತದಲ್ಲೂ, ಅಂದರೆ ಸೆಕೆಂಡಿಗೆ 120 ಸಲ, ಒಂದಿಷ್ಟು ಕರೆಂಟನ್ನು ತಡೆದು ಉಳಿದದ್ದನ್ನು ಬಿಡುತ್ತದೆ. ಬಲ್ಬಿನ ತಂತಿಗೆ ಅದರ ಚಿಂತೆಯಿಲ್ಲ, ಬೆಳಕು ಮಂಕಾಗುತ್ತದೆ ಅಷ್ಟೇ. ಮೋಟಾರು ಮಾತ್ರ ಗುಂಯ್‌ಗುಡುತ್ತದೆ, ಬಲ ಕಳೆದುಕೊಳ್ಳುತ್ತದೆ, ನಿಂತೇ ಹೋದರೆ ಸುರುಳಿ ಕಾಯುತ್ತದೆ. ಹನ್ನೆರಡು ವೋಲ್ಟಿನ ಅಡಾಪ್ಟರ್ ಇರುವ ಸಣ್ಣ ಬೊಂಬೆಯಾದರೆ ಅಡಾಪ್ಟರ್‌ಗೇ ಕುತ್ತು. ನಮ್ಮ ಮನೆಯ ಸೀಲಿಂಗ್ ಫ್ಯಾನಿಗೆ ರೆಗ್ಯುಲೇಟರ್ ಇಲ್ಲವೇ ಎಂದು ಕೇಳಬಹುದು. ಇದೆ; ಆ ಮೋಟಾರನ್ನು ಅದಕ್ಕೆ ಒಗ್ಗುವಂತೆಯೇ ಮಾಡಿರುತ್ತಾರೆ, ನಿಧಾನವಾಗಿ ತಿರುಗಿದರೂ ಕೋಣೆಗೆ ಗಾಳಿ ಬರುತ್ತದೆ. ಬೊಂಬೆಯ ಫ್ಯಾನಿನ ವೇಗ ಇಳಿಸಿದರೆ ಬೊಂಬೆಯ ಸೊಂಟ ಬಾಗುತ್ತದೆ.

ಆದ್ದರಿಂದ ಬಲ್ಲವರು ಡಿಮ್ಮರ್ ಬದಲು ರಿಲೇ ಎಂಬ ಸ್ವಿಚ್ ಹಾಕುತ್ತಾರೆ. ಅದಕ್ಕೆ ಗೊತ್ತಿರುವುದು ಎರಡೇ, ಆನ್ ಮತ್ತು ಆಫ್. ನಾಟಕ ರಂಗದ ದೀಪಗಳಿಗಾಗಿ 1986ರಲ್ಲಿ ರೂಪಿಸಿದ, ಈಗ ಇಲ್ಲಿಯೂ ಬಳಸುವ ಡಿಎಂಎಕ್ಸ್ ಪದ್ಧತಿಯಲ್ಲಿ ಒಂದು ಚಾನೆಲ್‌ಗೆ 0ಯಿಂದ 255ರವರೆಗೆ ಬೆಲೆ ಕೊಡಬಹುದು. ಸಾಮಾನ್ಯವಾಗಿ ಅರ್ಧ ದಾಟಿದರೆ ರಿಲೇ ಆನ್, ಕೆಳಗಿಳಿದರೆ ಆಫ್. ಎಡವುವುದು ಇಲ್ಲಿಯೇ. ಇಡೀ ಮನೆಯ ದೀಪಗಳನ್ನು ಒಂದು ಗುಂಪಾಗಿ ಮಾಡಿ ಅದಕ್ಕೆ ಮಿನುಗುವ ಪರಿಣಾಮ ಎಳೆದು ಬಿಡುವುದು ಎಲ್ಲರ ಅಭ್ಯಾಸ. ಆ ಗುಂಪಿನಲ್ಲಿ ಬ್ಲೋವರ್ ಚಾನೆಲ್ ಸೇರಿದ್ದರೆ ಮುಗಿಯಿತು: ದೀಪ ಮಿನುಗಿದಷ್ಟು ಸಲ ರಿಲೇ ಟಕಟಕ ಬಡಿದುಕೊಳ್ಳುತ್ತದೆ. ಮೋಟಾರು ಶುರುವಾಗುವಾಗ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹೆಚ್ಚು, ನಿಲ್ಲುವಾಗ ಕಿಡಿಯೂ ಹಾರುತ್ತದೆ. ಹೀಗೆ ಬಡಿದುಕೊಂಡ ರಿಲೇ ಹಬ್ಬ ಮುಗಿಯುವ ಮೊದಲೇ ಕೈಕೊಟ್ಟರೆ ಆಶ್ಚರ್ಯವಿಲ್ಲ. ಬ್ಲೋವರನ್ನು ಎಲ್ಲ ಗುಂಪುಗಳಿಂದಲೂ ಹೊರಗಿಡುವುದು ಮೊದಲ ಕೆಲಸ.

ಬೊಂಬೆ ಏಳುವುದನ್ನೇ ಪ್ರದರ್ಶನವಾಗಿಸುವವರಿಗೂ ಒಂದು ಉಪಾಯವಿದೆ. ಪಲ್ಲವಿಗೆ ಸಾಂತಾ ನಿಂತಿರಬೇಕಾದರೆ ಅದಕ್ಕೆ ಒಂದು ನಿಮಿಷ ಮೊದಲೇ, ಒಳಗಿನ ದೀಪ ಆರಿಸಿಟ್ಟು, ಕತ್ತಲಲ್ಲಿ ಫ್ಯಾನು ಶುರುಮಾಡುತ್ತಾರೆ. ಗಾಳಿ ತುಂಬಿದ ಮೇಲೆ ಸರಿಯಾಗಿ ತಾಳದ ಪೆಟ್ಟಿಗೆ ದೀಪ. ನೋಡುವವರಿಗೆ ಆತ ಥಟ್ಟನೆ ಪ್ರತ್ಯಕ್ಷ! ಚೆನ್ನಾಗಿಯೇ ಇರುತ್ತದೆ, ಒಣ ಹವೆಯಲ್ಲಿ. ಮಳೆ ಬಂದ ಸಂಜೆ ನೆಲದ ಮೇಲಿನ ಬಟ್ಟೆಯ ಮಡಿಕೆಯಲ್ಲಿ ನೀರು ನಿಂತು, ರಾತ್ರಿ ಅದು ಹೆಪ್ಪುಗಟ್ಟಿದರೆ, ಆ ಭಾರವನ್ನು ಎತ್ತುವ ತ್ರಾಣ ಪುಟ್ಟ ಫ್ಯಾನಿಗೆ ಎಲ್ಲಿಂದ ಬರಬೇಕು?

ಗಾಳಿಯಿಂದಲೇ ಕುಣಿಸಲೇಬೇಕೆಂದರೆ ಬೇರೆಯದೇ ಜಾತಿಯ ಬೊಂಬೆ ಬೇಕು. 1996ರ ಅಟ್ಲಾಂಟ ಒಲಿಂಪಿಕ್ಸ್ ಉದ್ಘಾಟನೆಗೆ ಟ್ರಿನಿಡಾಡ್‌ನ ಕಲಾವಿದ ಪೀಟರ್ ಮಿನ್ಶಲ್, ಇಸ್ರೇಲಿನ ಡೊರೊನ್ ಗಾಜಿಟ್ ಜತೆಗೂಡಿ ರೂಪಿಸಿದ ಉದ್ದ ಕೊಳವೆ ಮನುಷ್ಯರು ಆ ಜಾತಿಯವರು. ಕಾರು ಮಾರುವ ಅಂಗಡಿಗಳ ಮುಂದೆ ಈಗ ಕೈ ಬೀಸಿ ಬಳುಕುವವರು ಇವರ ಸಂತತಿ. ಮೇಲ್ತುದಿ ಬಿಟ್ಟಿರುವುದರಿಂದ ಗಾಳಿ ನುಗ್ಗಿ ಹೊರಬೀಳುತ್ತದೆ, ಏಳುಬೀಳು ಸೆಕೆಂಡುಗಳ ಮಾತು. ಆದರೂ ಅವರು ಬಳುಕುವುದು ತಮ್ಮ ಲಯಕ್ಕೆ, ಹಾಡಿನದಕ್ಕಲ್ಲ.

ನನ್ನ ಮೆಚ್ಚುಗೆ ಸಂಜೆಯಿಡೀ ಬ್ಲೋವರ್ ಓಡಿಸಿ, ತಾಳವನ್ನೆಲ್ಲ ದೀಪಕ್ಕೆ ಬಿಡುವವರಿಗೆ. ಫ್ಯಾನಿಗೆ ಸಾದಾ ಟೈಮರ್ ಸಾಕು. ಒಳಗಿನ ಎಲ್ಇಡಿ ಕಿತ್ತು, ಬಲ್ಬಿಗೊಂದು ಚಿಪ್ ಇರುವ ಪಿಕ್ಸೆಲ್ ಸರ ಇಳಿಬಿಡುವವರಿದ್ದಾರೆ. ವೈರು ಮುಟ್ಟಲು ಅಳುಕುವವರು ಹೊರಗಿನಿಂದಲೇ ಬಣ್ಣ ಬದಲಿಸುವ ಫ್ಲಡ್‌ಲೈಟ್ ಹಾಯಿಸುತ್ತಾರೆ. ಬಿಳಿ ಹಿಮಮಾನವನಿಗೆ ಇದು ಹೇಳಿ ಮಾಡಿಸಿದಂತೆ, ಯಾವ ಬಣ್ಣ ಬಿದ್ದರೂ ಹಿಡಿಯುತ್ತಾನೆ. ಕೆಂಪು ಸಾಂತಾನ ಮೇಲೆ ಹಸಿರು ಬಿದ್ದರೆ ಮಾತ್ರ ಕಪ್ಪಗಾಗುತ್ತಾನೆ.

ದೀಪಾವಳಿಗೆ ಕಟ್ಟಿದ ಸೀರಿಯಲ್ ಸೆಟ್ಟನ್ನು ಕ್ರಿಸ್ಮಸ್‌ವರೆಗೂ ಬಿಚ್ಚದ ಕನ್ನಡದ ಮನೆಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಹಬ್ಬ ಕಳೆದ ಮೇಲೆ ಅಗ್ಗಕ್ಕೆ ಸಿಕ್ಕಿದ ಬೊಂಬೆಯನ್ನು ಊರಿನ ಮಕ್ಕಳಿಗೆಂದು ಸೂಟ್‌ಕೇಸಿಗೆ ತುರುಕುವ ಮುನ್ನ ಅದರ ಪ್ಲಗ್ಗಿನ ಮೇಲಿನ ಅಕ್ಷರ ಓದಿ. 100ರಿಂದ 240 ವೋಲ್ಟ್ ಎಂದು ಬರೆದ ಅಡಾಪ್ಟರ್ ಇದ್ದರೆ ಪಿನ್ನು ಬದಲಿಸಿದರೆ ಸಾಕು. ಬರೀ 120 ವೋಲ್ಟ್, 60 ಹರ್ಟ್ಸ್ ಎಂದಿದ್ದರೆ ನಮ್ಮ 230 ವೋಲ್ಟಿಗೆ ಅದು ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಿದರೂ ಆವರ್ತ 50ರಲ್ಲೇ ಉಳಿಯುವುದರಿಂದ ಮೋಟಾರು ನಿಧಾನವಾಗಿ ಓಡಿ ಹೆಚ್ಚು ಕಾಯುತ್ತದೆ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.